ಸುಮ್ಮನೆ ಕೂತ ಊಸರವಳ್ಳಿ: ಆರಾಮಾಗಿದೆಯೋ, ಹುಷಾರಿಲ್ಲವೋ?

ನಾಯಿ ಸಾಕಿದವರಿಗೆ ಲೆಕ್ಕ ಸುಲಭ. ಬಾಲ ಅಲ್ಲಾಡಿಸಿದರೆ ಖುಷಿ, ಊಟ ಬಿಟ್ಟು ಮೂಲೆ ಹಿಡಿದರೆ ಏನೋ ಸರಿ ಇಲ್ಲ. ಬೆಕ್ಕು ಕೂಡ ಹಸಿವಾದಾಗ ಕಾಲು ಸುತ್ತಿ ಹೇಳುತ್ತದೆ. ಊಸರವಳ್ಳಿ ಸಾಕಿದವರ ಪಾಡು ಮಾತ್ರ ಬೇರೆ. ಬೆಳಗ್ಗೆ ಆಫೀಸಿಗೆ ಹೊರಡುವಾಗ ಯಾವ ಕೊಂಬೆ ಮೇಲೆ ಕೂತಿತ್ತೋ, ಸಂಜೆ ಬಂದಾಗಲೂ ಅಲ್ಲೇ ಕೂತಿರುತ್ತದೆ. ನಡುವೆ ಎಂಟು ಗಂಟೆ ಏನು ಮಾಡಿತು? ಬೋರ್ ಆಗಿದೆಯಾ? ಜ್ವರವಾ? ಒಂಟಿತನವಾ?

ಮೊದಲ ಸಲ ಸಾಕುವವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರದ ಅರ್ಧ ಭಾಗ ನೆಮ್ಮದಿ ಕೊಡುವಂಥದ್ದು: ಸುಮ್ಮನೆ ಕೂರುವುದೇ ಊಸರವಳ್ಳಿಯ ಕೆಲಸ. ಉಳಿದರ್ಧ ಎಚ್ಚರಿಕೆ: ಇದು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ದುರ್ಬಲವಾಗಿ ಕಂಡರೆ ಹದ್ದಿಗೋ ಹಾವಿಗೋ ಊಟವಾಗಬೇಕಾಗುತ್ತದೆ. ಹಾಗಾಗಿ ಹುಷಾರಿಲ್ಲ ಅಂತ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ. ಮೊದಲೇ ಗೊತ್ತಾಗಬೇಕಾದರೆ ಎಷ್ಟು ಓಡಾಡಿತು ಅಂತ ಎಣಿಸಿ ಪ್ರಯೋಜನವಿಲ್ಲ. ಯಾವ ಹೊತ್ತಿಗೆ, ಎಲ್ಲಿ, ಹೇಗೆ ಕೂತಿದೆ, ನಿನ್ನೆಗಿಂತ ಏನು ಬದಲಾಗಿದೆ ಅನ್ನೋದನ್ನು ನೋಡಬೇಕು.

ಯಾವುದನ್ನು ಸಾಕಬಹುದು?

ಮೊದಲು ಕಾನೂನಿನ ಮಾತು. ನಮ್ಮ ಬಯಲುಸೀಮೆಯ ಕುರುಚಲು ಕಾಡು, ಹೊಲದ ಬೇಲಿಗಳಲ್ಲಿ ಕಾಣುವ ಊಸರವಳ್ಳಿ, ಅಂದರೆ ಗೋಸುಂಬೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ರಸ್ತೆ ದಾಟುತ್ತಿದ್ದರೆ ಗಾಡಿ ನಿಲ್ಲಿಸಿ ದಾಟಲು ಬಿಡಿ, ಅಷ್ಟು ಸಾಕು.

ಸಾಕುಪ್ರಾಣಿಯಾಗಿ ಹೆಚ್ಚು ಕಾಣುವುದು ಎರಡು ಜಾತಿ. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ವೇಲ್ಡ್ ಕೆಮೆಲಿಯನ್, ಮಡಗಾಸ್ಕರ್‌ನ ಪ್ಯಾಂಥರ್ ಕೆಮೆಲಿಯನ್. ಅಮೆರಿಕ, ಯುರೋಪಿನಲ್ಲಿ ಇವನ್ನು ದಶಕಗಳಿಂದ ಮರಿ ಮಾಡಿಸಿ ಸಾಕುತ್ತಿದ್ದಾರೆ. ಅಲ್ಲಿರುವ ನಮ್ಮ ಕನ್ನಡದ ಐಟಿ ಮಂದಿಯ ಮನೆಗಳಿಗೂ ಬಂದಿವೆ. ಇವೆರಡೂ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಭಾರತದಲ್ಲಿ ಇಂಥ ಪ್ರಾಣಿ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ದಾಖಲೆ ಇಲ್ಲದೆ ಯಾರಾದರೂ ಮಾರಲು ಬಂದರೆ ದೂರ ಇರಿ.

ಇಲ್ಲಿ ಕೊಡುವ ಸಂಖ್ಯೆಗಳು ಮುಖ್ಯವಾಗಿ ವೇಲ್ಡ್ ಜಾತಿಯವು. ಹೊಸಬರ ಮನೆಗೆ ಹೆಚ್ಚಾಗಿ ಬರುವುದು ಅದೇ.

ಕೂತು ಬದುಕುವ ದೇಹ

ಊಸರವಳ್ಳಿಯ ದೇಹವನ್ನು ಒಮ್ಮೆ ಗಮನಿಸಿ ನೋಡಿ. ಕಾಲ್ಬೆರಳುಗಳು ಎರಡು ಗುಂಪಾಗಿ ಕೂಡಿ ಇಕ್ಕಳದ ಹಾಗೆ ಕೊಂಬೆ ಹಿಡಿಯುತ್ತವೆ. ಬಾಲ ಐದನೇ ಕೈ. ಎರಡು ಕಣ್ಣು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಆದ್ದರಿಂದ ತಲೆ ಅಲ್ಲಾಡಿಸದೆಯೇ ಸುತ್ತಮುತ್ತ ಬಹುಪಾಲು ಕಾಣುತ್ತದೆ. ನಾಲಿಗೆ ದೇಹಕ್ಕಿಂತ ಉದ್ದ ಚಿಮ್ಮುತ್ತದೆ. ಬೇಟೆಯ ಹಿಂದೆ ಓಡುವ ಅಗತ್ಯವೇ ಇಲ್ಲದ ಹಾಗೆ ರೂಪುಗೊಂಡ ದೇಹ ಇದು.

ಇದು ಶೀತರಕ್ತದ ಪ್ರಾಣಿ, ಅಂದರೆ ದೇಹದ ಬಿಸಿ ಹೊರಗಿನಿಂದಲೇ ಬರಬೇಕು. ತಣ್ಣಗಿದ್ದಾಗ ಸ್ನಾಯುಗಳು ನಿಧಾನ. ಆದರೆ ನಾಲಿಗೆ ಇದಕ್ಕೆ ಹೊರತು. ವೇಲ್ಡ್ ಊಸರವಳ್ಳಿಗಳ ಮೇಲೆ ಫ್ಲೋರಿಡಾದ ಸಂಶೋಧಕರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಯಲ್ಲಿ ನಾಲಿಗೆಯನ್ನು ಒಳಗೆಳೆದುಕೊಳ್ಳುವ ವೇಗ ಚೆನ್ನಾಗಿಯೇ ಕುಗ್ಗಿದರೂ ಚಿಮ್ಮಿಸುವ ವೇಗ ಅಷ್ಟಾಗಿ ಕುಗ್ಗಲಿಲ್ಲ. ಬಿಲ್ಲಿಗೆ ಹೆದೆಯೇರಿಸಿಟ್ಟ ಹಾಗೆ ಶಕ್ತಿ ಮೊದಲೇ ಶೇಖರವಾಗಿರುತ್ತದೆ. ಮೈ ಮಂಕಾಗಿ ಕಂಡರೂ ನಾಲಿಗೆ ಗುರಿ ತಪ್ಪದಿರುವ ಗುಟ್ಟು ಇದು.

ಇನ್ನು ಆ ತೂಗಾಟ. ಒಂದು ಹೆಜ್ಜೆ ಇಡುವ ಮುಂಚೆ ಮುಂದೆ ಹಿಂದೆ ಓಲಾಡುತ್ತದಲ್ಲ, ಹೊಸಬರು ಅದನ್ನು ನೋಡಿ ಕಾಲಲ್ಲಿ ಶಕ್ತಿ ಇಲ್ಲ ಅಂತ ಗಾಬರಿಯಾಗುತ್ತಾರೆ. ಅದು ಗಾಳಿಗೆ ಅಲ್ಲಾಡುವ ಎಲೆಯ ವೇಷ, ಸಹಜ ನಡಿಗೆ. ಹಿಡಿತ ಗಟ್ಟಿಯಾಗಿದ್ದರೆ ಚಿಂತೆ ಬೇಡ.

ಒಂದು ಮಾಮೂಲಿ ದಿನ

ಆರೋಗ್ಯವಾಗಿರುವ ಊಸರವಳ್ಳಿಯ ದಿನಚರಿ ಅಜ್ಜಂದಿರ ದಿನಚರಿಯಷ್ಟೇ ಖಚಿತ.

ಬೆಳಗ್ಗೆ ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತದೆ. ಮೈ ಬಣ್ಣ ಗಾಢವಾಗುತ್ತದೆ, ದೇಹ ಚಪ್ಪಟೆ ಮಾಡಿ ಪಕ್ಕೆಯನ್ನು ಬಿಸಿ ಬಲ್ಬಿನ ಕಡೆ ತಿರುಗಿಸುತ್ತದೆ. ಶಾಖ ಹೀರಲು ಕಪ್ಪು ಬಟ್ಟೆ ಹಾಕಿಕೊಂಡ ಹಾಗೆ. ಬಲ್ಬಿನ ಕೆಳಗಿನ ಕೊಂಬೆಯಲ್ಲಿ ಗಂಡಿಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್, ಹೆಣ್ಣಿಗೆ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಮೈ ಬಿಸಿಯಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಎಲೆ ಮೇಲಿನ ಹನಿ ನೆಕ್ಕುತ್ತದೆ, ಹುಳ ಹಿಡಿಯುತ್ತದೆ, ಒಂದು ಸುತ್ತು ಬರುತ್ತದೆ. ದಿನದಲ್ಲಿ ಹೆಚ್ಚು ಚಟುವಟಿಕೆ ಕಾಣುವ ಹೊತ್ತು ಇದು.

ಮಧ್ಯಾಹ್ನ ಎಲೆಗಳ ಮರೆಗೆ ಸರಿದು ಗಂಟೆಗಟ್ಟಲೆ ಕೂರುತ್ತದೆ. ದೇಹ ನಿಂತಿದ್ದರೂ ಕಣ್ಣು ನಿಂತಿರುವುದಿಲ್ಲ. ನೀವು ರೂಮಿಗೆ ಬಂದರೆ ಒಂದು ಕಣ್ಣು ನಿಮ್ಮನ್ನು ಹಿಂಬಾಲಿಸುತ್ತದೆ. ಸುಮ್ಮನೆ ಕೂತ ಊಸರವಳ್ಳಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಸಂಜೆ ಒಂದು ಸಣ್ಣ ಓಡಾಟ. ಲೈಟ್ ಆರುವ ಮುಂಚೆಯೇ ತನ್ನ ಮಲಗುವ ಕೊಂಬೆ ಸೇರಿ, ಬಾಲ ಸುರುಳಿ ಸುತ್ತಿ, ಕಣ್ಣು ಮುಚ್ಚುತ್ತದೆ. ನಿದ್ದೆಯಲ್ಲಿ ಬಣ್ಣ ಪೇಲವವಾಗುವುದು ಸಹಜ. ಸುಮಾರು 12 ಗಂಟೆ ಬೆಳಕು, 12 ಗಂಟೆ ಕತ್ತಲು ಬೇಕು. ರಾತ್ರಿ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಒಳ್ಳೆಯದೇ. ಕೇಜ್ ಹಾಲ್‌ನಲ್ಲಿಟ್ಟು ರಾತ್ರಿ ಒಂದು ಗಂಟೆವರೆಗೆ ಸೀರೀಸ್ ನೋಡುವ ಮನೆಯಾದರೆ ಅದರ ನಿದ್ದೆ ಕೆಡುವುದು ಗ್ಯಾರಂಟಿ.

ಬಣ್ಣ ಹೇಳುವ ಮಾತು

ಮಾತು ಬದಲಿಸುವವರನ್ನು ಊಸರವಳ್ಳಿ ಅಂತ ಬೈಯುವುದು ನಮಗೆ ರೂಢಿ. ಪಾಪ, ಅದು ಬಣ್ಣದಿಂದ ತನ್ನ ಸ್ಥಿತಿಯನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತದೆ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿದಂತೆ, ಪ್ಯಾಂಥರ್ ಜಾತಿಯ ಚರ್ಮದ ಜೀವಕೋಶಗಳಲ್ಲಿರುವ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಾಗುತ್ತದೆ. ನೆಮ್ಮದಿಯಾಗಿದ್ದಾಗ ಹಸಿರು, ಕೆರಳಿದಾಗ ಹಳದಿ, ಕೆಂಪು.

ಅಂದರೆ ಮಿಂಚುವ ಬಣ್ಣ ನೋಡಿ ಖುಷಿಯಾಗಿದೆ ಅಂದುಕೊಳ್ಳುವ ಹಾಗಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಲೈಕ್ಸ್ ಗಿಟ್ಟಿಸುವ ಎಷ್ಟೋ ಫೋಟೋಗಳಲ್ಲಿ ಇರುವುದು ಸಿಟ್ಟಾದ ಊಸರವಳ್ಳಿ. ಬೆಳಗ್ಗೆ ಅರ್ಧ ಗಂಟೆ ಕಪ್ಪಗಿದ್ದರೆ ಅದು ಬಿಸಿಲು ಕಾಯಿಸುತ್ತಿದೆ. ದಿನವಿಡೀ ಕಪ್ಪಗಿದ್ದರೆ ಚಳಿ, ಭಯ ಅಥವಾ ನೋವು, ಮೂರರಲ್ಲಿ ಒಂದಿರಬಹುದು.

ಓಡಾಟವೇ ದೂರು ಆದಾಗ

ಇಲ್ಲಿ ನಮ್ಮ ಅಂದಾಜು ಹೆಚ್ಚು ಸಲ ತಲೆಕೆಳಗಾಗುತ್ತದೆ. ಚುರುಕಾಗಿ ಓಡಾಡಿದರೆ ಆರೋಗ್ಯ ಅಂತ ನಾವು ಅಂದುಕೊಳ್ಳುತ್ತೇವೆ. ಊಸರವಳ್ಳಿ ಬಿಡುವಿಲ್ಲದೆ ಕೇಜಿನ ಜಾಲರಿ ಹತ್ತಿ ಇಳಿದು ಮಾಡುತ್ತಿದ್ದರೆ ಅದು ಏನೋ ದೂರು ಹೇಳುತ್ತಿದೆ. ಒಳಗೆ ಸೆಕೆ ಜಾಸ್ತಿ ಆಗಿರಬಹುದು. ಮರೆಯಾಗಲು ಎಲೆ ಸಾಲದೆ ಇರಬಹುದು. ಕೇಜ್ ಚಿಕ್ಕದಿರಬಹುದು, ದೊಡ್ಡದಕ್ಕೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರ ಬೇಕು. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಎದುರಾಳಿ ಅಂತ ತಿಳಿದಿರಬಹುದು. ಇದು ಒಂಟಿ ಜೀವಿ. ಜೊತೆಗಿರಲಿ ಅಂತ ಇನ್ನೊಂದನ್ನು ತಂದರೆ ಇಬ್ಬರಿಗೂ ಹಿಂಸೆ.

ಟೆಕ್ಸಸ್‌ನಲ್ಲಿರುವ ನನ್ನ ಕಾಲೇಜು ಗೆಳತಿಯ ಮನೆಯಲ್ಲಿ ವೇಲ್ಡ್ ಜಾತಿಯ ಹೆಣ್ಣೊಂದಿದೆ. ವರ್ಷ ತುಂಬುವ ಮುಂಚೆ ಒಂದು ದಿನ ಅದು ಕೇಜಿನ ನೆಲಕ್ಕಿಳಿದು ಮೂಲೆ ಮೂಲೆ ಕೆರೆಯತೊಡಗಿತು. "ಕೊನೆಗೂ ಆಟ ಆಡ್ತಿದೆ ನೋಡೇ!" ಅಂತ ಮನೆಯವರಿಗೆಲ್ಲ ಸಂಭ್ರಮ. ಎರಡನೇ ದಿನ ಊಟ ಬಿಟ್ಟಾಗ ಸರೀಸೃಪಗಳ ವೈದ್ಯರ ಹತ್ತಿರ ಕರೆದೊಯ್ದರು. ಹೊಟ್ಟೆ ತುಂಬ ಮೊಟ್ಟೆ! "ಗಂಡೇ ಇಲ್ವಲ್ಲ ಡಾಕ್ಟ್ರೇ" ಅಂದರಂತೆ. ಹುಂಜ ಇಲ್ಲದ ಮನೆಯಲ್ಲೂ ಕೋಳಿ ಮೊಟ್ಟೆ ಇಡುತ್ತದಲ್ಲ, ಹಾಗೆಯೇ ಇದೂ. ಒದ್ದೆ ಮರಳು ತುಂಬಿದ, ಒಂದಡಿ ಆಳದ ಡಬ್ಬ ಇಟ್ಟು, ಸುತ್ತ ಬಟ್ಟೆ ಮುಚ್ಚಿ, ಯಾರೂ ಇಣುಕದೆ ಬಿಟ್ಟ ಮೇಲೆ ಗುಂಡಿ ತೋಡಿ 40ಕ್ಕೂ ಹೆಚ್ಚು ಮೊಟ್ಟೆ ಇಟ್ಟಿತು.

ಆ ಡಬ್ಬ ಸಿಗದಿದ್ದರೆ ಹೆಣ್ಣು ಮೊಟ್ಟೆಯನ್ನು ಒಳಗೇ ಹಿಡಿದಿಡುವ ಸಾಧ್ಯತೆ ಇದೆ, ಅದರಿಂದ ಸಾಯಲೂಬಹುದು. ಬೆಳೆದ ಹೆಣ್ಣನ್ನು ಸಾಕುವವರು ಇಂಥ ಡಬ್ಬವನ್ನು ಮೊದಲೇ ಇಟ್ಟಿರಬೇಕು. ನೆಲದಲ್ಲಿ ಅಲೆದಾಡುತ್ತಾ ಕೆರೆಯುವ ಹೆಣ್ಣು ಹೆರಿಗೆ ಜಾಗ ಹುಡುಕುತ್ತಿದೆ. ನೆಲದಲ್ಲಿ ಸುಮ್ಮನೆ ಕೂತ ಊಸರವಳ್ಳಿ, ಗಂಡಾಗಲಿ ಹೆಣ್ಣಾಗಲಿ, ಕೊಂಬೆ ಹಿಡಿಯುವ ಶಕ್ತಿ ಕಳೆದುಕೊಂಡಿರಬಹುದು.

ಕೆಲವು ಬದಲಾವಣೆಗಳಿಗೆ ಗಾಬರಿ ಬೇಡ. ಪೊರೆ ಬಿಡುವಾಗ ಮೈ ಉಜ್ಜುತ್ತದೆ, ಊಟ ಕಡಿಮೆ ಮಾಡುತ್ತದೆ. ಹೊಸ ಮನೆಗೆ ಬಂದ ಮೊದಲ ಒಂದೆರಡು ವಾರ ಎಲೆ ಹಿಂದೆ ಅಡಗಿರುತ್ತದೆ. ಮರಿಗಳು ದಿನಾ ತಿಂದು ಚುರುಕಾಗಿರುತ್ತವೆ, ಬೆಳೆದವಕ್ಕೆ ದಿನ ಬಿಟ್ಟು ದಿನ ಊಟ ಸಾಕು.

ಕಾಯದೆ ಡಾಕ್ಟರಿಗೆ ತೋರಿಸಬೇಕಾದದ್ದು

• ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದು. ಕಣ್ಣು ಉಬ್ಬಿಸಿ, ಉಜ್ಜಿ, ಒಂದೆರಡು ನಿಮಿಷ ಶುಚಿ ಮಾಡಿಕೊಳ್ಳುವುದು ಬೇರೆ. ಲೈಟ್ ಹೊತ್ತಿರುವಾಗ ನಿದ್ದೆ ಹೋದ ಹಾಗಿದ್ದರೆ ಅದು ಗಂಭೀರ ಲಕ್ಷಣ.

• ಗುಳಿ ಬಿದ್ದ ಕಣ್ಣು, ಕಿತ್ತಳೆ ಬಣ್ಣದ ಹಿಕ್ಕೆ. ಹಿಕ್ಕೆಯ ಜೊತೆ ಬರುವ ಮೂತ್ರದ ಗಟ್ಟಿ ಭಾಗ ಬಿಳಿಯಾಗಿರಬೇಕು, ಕಿತ್ತಳೆಯಾದರೆ ನೀರು ಸಾಲುತ್ತಿಲ್ಲ. ಬಟ್ಟಲಲ್ಲಿ ನಿಂತ ನೀರನ್ನು ಇವು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆ ಮೇಲೆ ಹನಿ ಬೀಳಬೇಕು.

• ಹಿಡಿತ ತಪ್ಪುವುದು, ಕಾಲು ನಡುಗುವುದು ಅಥವಾ ಬಾಗುವುದು, ನಾಲಿಗೆ ಗುರಿ ತಪ್ಪುವುದು. ಮೂಳೆಗೆ ಕ್ಯಾಲ್ಸಿಯಂ ಸಾಲದ ಸೂಚನೆ. ಇದಕ್ಕೆ ಹೆಚ್ಚಾಗಿ ಕಾರಣ ಯುವಿಬಿ ಬೆಳಕಿನ ಕೊರತೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಲ್ಲಿ ಯುವಿಬಿ ಇರುವುದಿಲ್ಲ. ಟ್ಯೂಬ್ ಉರಿಯುತ್ತಿದ್ದರೂ ಆರರಿಂದ ಹನ್ನೆರಡು ತಿಂಗಳಲ್ಲಿ ಅದರ ಯುವಿಬಿ ಕುಗ್ಗಿರುತ್ತದೆ.

• ಬಲ್ಬಿನಿಂದ ದೂರ ಕೂತಾಗಲೂ ಬಾಯಿ ತೆರೆದೇ ಇರುವುದು, ಉಸಿರಾಡುವಾಗ ಸದ್ದು. ಶ್ವಾಸಕೋಶದ ಸೋಂಕಿರಬಹುದು.

ಫೋನಿನಲ್ಲೊಂದು ಲಾಗ್

ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಇದು ಪರಿಚಿತ ಲೆಕ್ಕ. ಸಿಪಿಯು 80% ತೋರಿಸಿದರೆ ಅದು ಸರಿಯೋ ತಪ್ಪೋ ಅಂತ ಆ ಒಂದು ಸಂಖ್ಯೆ ನೋಡಿ ಹೇಳೋಕಾಗಲ್ಲ. ದಿನಾ ಈ ಹೊತ್ತಿಗೆ ಎಷ್ಟಿರುತ್ತೆ ಅನ್ನೋದು ಗೊತ್ತಿರಬೇಕು. ಪಕ್ಕದ ಮನೆಯವರ ಊಸರವಳ್ಳಿ ಎಷ್ಟು ಓಡಾಡುತ್ತೆ ಅನ್ನೋದರಿಂದ ನಿಮ್ಮದರ ಆರೋಗ್ಯ ತಿಳಿಯಲ್ಲ.

ದಿನಕ್ಕೆ ಎರಡು ನಿಮಿಷದ ಕೆಲಸ. ಕಣ್ಣು ಬಿಟ್ಟ ಸಮಯ, ಬೆಳಗ್ಗೆ ಮತ್ತು ಸಂಜೆ ಕೂತಿದ್ದ ಜಾಗ, ತಿಂದ ಹುಳಗಳ ಸಂಖ್ಯೆ, ಹಿಕ್ಕೆಯ ಬಣ್ಣ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ. ಹಗಲು ಮನೆಯಲ್ಲಿ ಯಾರೂ ಇರದಿದ್ದರೆ ಹಳೆಯ ಫೋನನ್ನೇ ಕ್ಯಾಮೆರಾ ಮಾಡಿ ಕೇಜಿನ ಎದುರಿಗಿಡಿ. ಒಂದು ತಿಂಗಳಲ್ಲಿ ನಿಮ್ಮ ಊಸರವಳ್ಳಿಯ ಮಾಮೂಲು ಏನೆಂದು ಕಾಣತೊಡಗುತ್ತದೆ. ಆಮೇಲೆ ಏಳು ಗಂಟೆಗೆ ಏಳುತ್ತಿದ್ದದ್ದು ಮೂರು ದಿನದಿಂದ ಒಂಬತ್ತಕ್ಕೆ ಏಳುತ್ತಿದ್ದರೆ, ರಾತ್ರಿ ಬೇರೆ ಕೊಂಬೆಯಲ್ಲಿ ಮಲಗುತ್ತಿದ್ದರೆ, ತೂಕ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಡಾಕ್ಟರ್ ಮುಂದೆ "ಯಾಕೋ ಡಲ್ ಆಗಿದೆ" ಅನ್ನುವುದಕ್ಕೂ ಈ ಲಾಗ್ ತೋರಿಸುವುದಕ್ಕೂ ಚಿಕಿತ್ಸೆಯಲ್ಲಿ ದೊಡ್ಡ ವ್ಯತ್ಯಾಸ ಬೀಳುತ್ತದೆ.

ಏನೋ ಬದಲಾಗಿದೆ ಅನ್ನಿಸಿದರೆ ಬಲ್ಬಿನ ಕೆಳಗಿನ ಉಷ್ಣತೆ, ನೀರಿನ ಹನಿ, ಟ್ಯೂಬಿನ ವಯಸ್ಸು, ಈ ಮೂರನ್ನು ಮೊದಲು ನೋಡಿ. ಅವು ಸರಿಯಿದ್ದೂ ಬದಲಾವಣೆ ನಿಲ್ಲದಿದ್ದರೆ ವಾರಾಂತ್ಯಕ್ಕೆ ಕಾಯಬೇಡಿ. ಎಬ್ಬಿಸೋಣ, ಆಡಿಸೋಣ ಅಂತ ಕೈಗೆತ್ತಿಕೊಳ್ಳಬೇಡಿ, ಭಯಕ್ಕೆ ಇನ್ನಷ್ಟು ಕುಗ್ಗುತ್ತದೆ.

ಇನ್ನೂ ತಂದಿಲ್ಲದವರಿಗೆ ಒಂದು ಮಾತು. ಮಡಿಲಲ್ಲಿ ಕೂರುವ, ಹೆಸರು ಕರೆದರೆ ಬರುವ ಪ್ರಾಣಿ ಬೇಕಿದ್ದರೆ ಇದು ನಿಮಗಲ್ಲ. ನಿಮ್ಮ ಊರಲ್ಲಿ ಸರೀಸೃಪ ನೋಡುವ ವೈದ್ಯರು ಇದ್ದಾರಾ ಅಂತ ಮೊದಲು ವಿಚಾರಿಸಿ, ಕೇಜ್‌ಗೆ ಆಮೇಲೆ ದುಡ್ಡು ಹಾಕಿ. ಇಷ್ಟಾದ ಮೇಲೂ ಸಾಕುವ ಮನಸ್ಸಿದ್ದರೆ, ಇದು ನಿಮ್ಮಿಂದ ಕೇಳುವುದು ದಿನಾ ಹತ್ತು ನಿಮಿಷ ಕೇಜಿನಿಂದ ಮೂರಡಿ ದೂರ ಕೂತು, ಫೋನ್ ಪಕ್ಕಕ್ಕಿಟ್ಟು, ಅದನ್ನು ನೋಡುವುದು ಮಾತ್ರ. ಅದರ ಒಂದು ಕಣ್ಣು ಹೇಗೂ ನಿಮ್ಮ ಮೇಲೇ ಇರುತ್ತದೆ.