ಕೆಂಪು ಮರುಭೂಮಿಯಲ್ಲಿ ಒಂದು ಮಣ್ಣಿನ ಮಸೀದಿ

ಆಸ್ಟ್ರೇಲಿಯ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಕ್ರಿಕೆಟ್, ಕಾಂಗರೂ, ಸಿಡ್ನಿಯ ಕಡಲು. ಆ ದೇಶದ ಒಳನಾಡಿನ ಮರುಭೂಮಿಗೂ ನಮ್ಮ ಉಪಖಂಡದ ಮುಸ್ಲಿಮರಿಗೂ ನೂರೈವತ್ತು ವರ್ಷಕ್ಕೂ ಹಳೆಯ ನಂಟಿದೆ ಎನ್ನುವುದು ಹೆಚ್ಚಿನವರಿಗೆ ತಿಳಿಯದು. ಕಳೆದ ಜುಲೈಯ ಶಾಲಾ ರಜೆಯಲ್ಲಿ ನಾವು ಕುಟುಂಬ ಸಮೇತ ಆ ದಾರಿಯಲ್ಲಿ ಹೋಗಿಬಂದೆವು. ಊರಿನಿಂದ ಬಂದಿದ್ದ ಉಮ್ಮನೂ ಜೊತೆಗಿದ್ದರು.

ಊರಿನಲ್ಲಿ ಆಟಿಯ ಮಳೆ ಸುರಿಯುವಾಗ ಅಲ್ಲಿ ಚಳಿಗಾಲ. ಮರುಭೂಮಿ ನೋಡಲು ಇದೇ ಸರಿಯಾದ ಸಮಯ. ಹಗಲು ಹಿತವಾದ ಬಿಸಿಲು, ರಾತ್ರಿ ಎರಡು ಕಂಬಳಿ ಹೊದ್ದರೂ ಸಾಲದ ಚಳಿ. ಬೇಸಿಗೆಯಲ್ಲಾದರೆ ಉಷ್ಣಾಂಶ 45 ಡಿಗ್ರಿ ದಾಟುವುದೂ ಉಂಟು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ ಇಲ್ಲಿ 200 ಮಿ.ಮೀ. ಕೂಡ ಇಲ್ಲ. "ಇಷ್ಟು ಮಳೆ ನಮಗೆ ಒಂದೇ ದಿನದಲ್ಲಿ ಬರ್‍ತದಲ್ಲ" ಎಂದು ಉಮ್ಮ ನಕ್ಕರು.

ಒಂಟೆ ಹಿಡಿದು ಬಂದವರು

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 700 ಕಿ.ಮೀ. ಹೋದರೆ ಮಾರಿ ಎಂಬ ಪುಟ್ಟ ಊರು. ಒಂದು ಹೋಟೆಲ್, ಒಂದೆರಡು ಅಂಗಡಿ, ಪಾಳುಬಿದ್ದ ರೈಲು ನಿಲ್ದಾಣ, ಕೆಲವು ಖರ್ಜೂರದ ಮರಗಳು. ಹಳೆಯ ಹಳಿಗಳ ಪಕ್ಕದಲ್ಲಿ ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಸಣ್ಣ ಕಟ್ಟಡವೊಂದಿದೆ. 1880ರ ದಶಕದ ಆರಂಭದಲ್ಲಿ ಇಲ್ಲಿ ಕಟ್ಟಿದ್ದ ಮಸೀದಿಯ ಪ್ರತಿರೂಪ ಅದು. ಮೂಲ ಮಸೀದಿಯ ಎದುರು ವುಳೂ ಮಾಡಲು ಕೊಳವೂ ಇತ್ತು. ಆಸ್ಟ್ರೇಲಿಯದ ಮೊದಲ ಮಸೀದಿಗಳ ಸಾಲಿನಲ್ಲಿ ಇದರ ಹೆಸರಿದೆ.

ಕಟ್ಟಿದವರು ಒಂಟೆ ಸವಾರರು. ಕುದುರೆ, ಎತ್ತುಗಳು ನೀರಿಲ್ಲದೆ ಸಾಯುತ್ತಿದ್ದ ಈ ನೆಲಕ್ಕೆ ಬ್ರಿಟಿಷರು ಒಂಟೆ ತರಿಸಿದರು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಶೋಧಯಾತ್ರೆಗೆ ಕರಾಚಿಯಿಂದ ಒಂಟೆಗಳು ಬಂದವು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ವ್ಯಾಪಾರಿ ನೂರಕ್ಕೂ ಹೆಚ್ಚು ಒಂಟೆಗಳನ್ನೂ 31 ಸವಾರರನ್ನೂ ಕರೆಸಿಕೊಂಡ. ಮುಂದಿನ ಐವತ್ತು ವರ್ಷಗಳಲ್ಲಿ ಬಂದ ಒಂಟೆಗಳು ಸುಮಾರು 20,000, ಸವಾರರು ಸುಮಾರು 2,000. ಎಲ್ಲರನ್ನೂ 'ಅಫ್ಘಾನ್' ಎಂದೇ ಕರೆದರು. ಆದರೆ ಬಲೂಚಿಸ್ತಾನ, ಪಂಜಾಬ್, ಸಿಂಧ್, ಕಾಶ್ಮೀರ, ರಾಜಸ್ಥಾನದವರೂ ಅವರಲ್ಲಿದ್ದರು.

ಅಡಿಲೇಡ್‌ನಿಂದ ಡಾರ್ವಿನ್‌ಗೆ 1872ರಲ್ಲಿ ಪೂರ್ಣಗೊಂಡ ತಂತಿ ಮಾರ್ಗಕ್ಕೆ, ಆಮೇಲೆ ರೈಲು ಮಾರ್ಗಕ್ಕೆ, ಗಣಿಗಳಿಗೆ, ಕುರಿ ಸಾಕುವವರಿಗೆ ಸಾಮಾನು ಹೊತ್ತದ್ದು ಇವರ ಒಂಟೆಗಳೇ. ಇಂದು ಅಡಿಲೇಡ್-ಡಾರ್ವಿನ್ ನಡುವೆ ಓಡುವ 'ದಿ ಘಾನ್' ಎಂಬ ಐಷಾರಾಮಿ ರೈಲಿನ ಹೆಸರು ಬಂದದ್ದು 'ಅಫ್ಘಾನ್' ಎಂಬ ಪದದಿಂದ.

ಯಾಸೀನ್ ಓದುವವರು ಯಾರು?

ಇಷ್ಟು ದುಡಿದವರಿಗೆ ಸಿಕ್ಕಿದ್ದೇನು? ಮಾರಿಯಲ್ಲಿ ರೈಲು ಹಳಿಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಸವಾರರು ಮತ್ತು ಮೂಲನಿವಾಸಿಗಳು. ಕಬರಸ್ತಾನದಲ್ಲೂ ಬೇರೆ ಬೇರೆ ಭಾಗ. ಮೂರು ವರ್ಷಗಳ ಕರಾರಿನ ಮೇಲೆ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೇ ಹೆಚ್ಚು. 1901ರ ವಲಸೆ ಕಾನೂನು ಏಷ್ಯನ್ನರಿಗೆ ಬಾಗಿಲು ಮುಚ್ಚಿತು, 1903ರ ಕಾನೂನು ಪೌರತ್ವವನ್ನೂ ನಿರಾಕರಿಸಿತು. ಕೆಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ಉಳಿದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ.

1920ರ ದಶಕದಲ್ಲಿ ಲಾರಿಗಳು ಬಂದವು, ಒಂಟೆಗಳಿಗೆ ಕೆಲಸ ಇಲ್ಲದಾಯಿತು. ನೋಂದಣಿಯಿಲ್ಲದ ಒಂಟೆಗಳನ್ನು ಕೊಲ್ಲಲು ದಕ್ಷಿಣ ಆಸ್ಟ್ರೇಲಿಯ 1925ರಲ್ಲಿ ಕಾನೂನು ಮಾಡಿತು. ಸಾಕಿದ ಪ್ರಾಣಿಯನ್ನು ಕೊಲ್ಲಲು ಮನಸ್ಸು ಬಾರದೆ ಹಲವು ಸವಾರರು ಅವುಗಳನ್ನು ಮರುಭೂಮಿಗೆ ಬಿಟ್ಟುಬಿಟ್ಟರು. ಈಗ ಅಲ್ಲಿ ಅಲೆಯುವ ಕಾಡು ಒಂಟೆಗಳು ಹಾಗೆ ಬಿಟ್ಟ ಒಂಟೆಗಳ ಸಂತತಿ.

ಬಲೂಚಿಸ್ತಾನದ ಬೆಜಾ ದರ್ವೇಶ್ ಎಂಬವರು 1896ರ ಕ್ಯಾಲ್ವರ್ಟ್ ಶೋಧಯಾತ್ರೆಯಲ್ಲಿ ಒಂಟೆಗಳನ್ನು ನಡೆಸಿ ಹೆಸರಾದವರು. 1957ರಲ್ಲಿ ತೀರಿಹೋದರು. ಇಂತಹ ಕೆಲವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ, ಹೆಚ್ಚಿನವರದು ಇಲ್ಲ. ಕಬರಸ್ತಾನದಲ್ಲಿ ನಾವು ಫಾತಿಹಾ, ಯಾಸೀನ್ ಓದಿ ದುಆ ಮಾಡಿದೆವು. "ಇಷ್ಟು ದೂರ ಬಂದು ಮಣ್ಣಾದವರಿಗೆ ಯಾಸೀನ್ ಓದ್ಲಿಕ್ಕೆ ಯಾರಿದ್ರು ಮೋನೆ?" ಎಂದು ಉಮ್ಮ ಕೇಳಿದರು. ಮನೆಯವರು ಗಲ್ಫ್‌ನಲ್ಲಿ ದುಡಿಯುವಾಗ ಪತ್ರಕ್ಕಾಗಿ ಕಾದು ಕೂತ ಹೆಂಗಸರ ಪೀಳಿಗೆ ಅವರದು. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ನೀರಿನ ಜಾಡು

ಮಾರಿಯಿಂದ ಮುಂದೆ ಊಡ್ನಡಾಟ ಟ್ರ್ಯಾಕ್ ಎಂಬ ಸುಮಾರು 620 ಕಿ.ಮೀ. ಉದ್ದದ ಮಣ್ಣಿನ ರಸ್ತೆ. ಈ ದಾರಿ ಇಲ್ಲೇ ಹುಟ್ಟಿದ್ದಕ್ಕೆ ಕಾರಣ ನೀರು. ದೇಶದ ಐದನೇ ಒಂದು ಭಾಗಕ್ಕೂ ಹೆಚ್ಚು ನೆಲದಡಿ ಹರಡಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್‌ನ ಅಂತರ್ಜಲ ಇಲ್ಲಿ ಅಲ್ಲಲ್ಲಿ ಬುಗ್ಗೆಯಾಗಿ ಮೇಲೇಳುತ್ತದೆ. ಆ ಬುಗ್ಗೆಗಳ ಜಾಡು ಹಿಡಿದು ಮೊದಲು ಮೂಲನಿವಾಸಿಗಳು ನಡೆದರು. ಆಮೇಲೆ ಒಂಟೆ, ತಂತಿ, ರೈಲು ಅದೇ ಜಾಡಿನಲ್ಲಿ ಬಂದವು. 'ಬಬ್ಲರ್' ಎಂಬ ಬುಗ್ಗೆಯಲ್ಲಿ ಮರಳು ಕುದಿಯುವ ಹಾಗೆ ನೀರು ಉಕ್ಕುವುದನ್ನು ಮಕ್ಕಳು ಬಿಟ್ಟುಬರಲು ಒಪ್ಪಲಿಲ್ಲ.

ಮುಂದೆ ಕಾಟಿ ತಂಡ-ಲೇಕ್ ಐರ್. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಉಪ್ಪಿನ ಸರೋವರ. ಹೆಚ್ಚಿನ ಕಾಲ ಒಣಗಿ ಬೆಳ್ಳಗೆ ಹೊಳೆಯುತ್ತದೆ. ಅರಬಾನ ಜನರಿಗೆ ಇದು ಪವಿತ್ರ ನೆಲ, ಹಾಗಾಗಿ ದಡದಿಂದಲೇ ನೋಡಿದೆವು. ಪಕ್ಕದಲ್ಲಿ ಚಾಪೆ ಹಾಸಿ ಲುಹರ್, ಅಸರ್ ಜಮ್ ಮತ್ತು ಕಸರ್ ಮಾಡಿ ನಮಾಝ್ ನಿರ್ವಹಿಸಿದೆವು. ಕಿಬ್ಲಾ ಇಲ್ಲೂ ಊರಿನ ಹಾಗೆ ಪಡುವಣಕ್ಕೇ.

ಕೊನೆಯ ತಂಗುದಾಣ ಕೂಬರ್ ಪೀಡಿ. 1915ರಲ್ಲಿ ಓಪಲ್ ರತ್ನ ಸಿಕ್ಕ ಊರು. ಸೆಕೆ ತಡೆಯಲಾಗದೆ ಇಲ್ಲಿ ಬಹಳಷ್ಟು ಜನ ಗುಡ್ಡ ಕೊರೆದು ನೆಲದಡಿಯ ಮನೆಗಳಲ್ಲೇ ಬದುಕುತ್ತಾರೆ. ಊರಿನ ಹೆಸರಿಗೆ ಮೂಲನಿವಾಸಿಗಳ ಭಾಷೆಯಲ್ಲಿ 'ಬಿಳಿಯರ ಬಿಲ' ಎಂಬ ಅರ್ಥವಂತೆ!

ಹೋಗುವವರಿಗೆ

ಬಾಡಿಗೆ ಕಾರು ಪಡೆಯುವಾಗ ಮಣ್ಣಿನ ರಸ್ತೆಗೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ದಿನಕ್ಕೆ ಒಬ್ಬರಿಗೆ ಕನಿಷ್ಠ 5 ಲೀಟರ್ ನೀರು, ಎರಡು ಸ್ಪೇರ್ ಟಯರ್ ಇರಲಿ. ಮೊಬೈಲ್ ಸಿಗ್ನಲ್ ನೂರಾರು ಕಿ.ಮೀ. ಸಿಗುವುದಿಲ್ಲ, ಸ್ಯಾಟಲೈಟ್ ಫೋನ್ ಬಾಡಿಗೆಗೆ ಪಡೆಯಬಹುದು. ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬಾರದು. ಮುಸ್ಸಂಜೆ ಕಾಂಗರೂ ಅಡ್ಡ ಬರುವುದರಿಂದ ಬೆಳಕಿರುವಾಗಲೇ ತಂಗಲು ಸೇರಬೇಕು. ಹಲಾಲ್ ಮಾಂಸ ದಾರಿಯಲ್ಲಿ ಸಿಗುವುದು ಕಷ್ಟ. ನಾವು ಕೋಳಿ ಗಸಿ ಮಾಡಿ ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದಿದ್ದೆವು.

ಸಮಯವಿದ್ದರೆ ಬ್ರೋಕನ್ ಹಿಲ್‌ಗೂ ಹೋಗಿ. ಸವಾರರ ತಗಡಿನ ಮಸೀದಿ ಅಲ್ಲಿ ಮ್ಯೂಸಿಯಂ ಆಗಿ ಉಳಿದಿದೆ. ಅಲ್ಲಿ ಕುರ್‌ಆನ್ ಎಂದು ಗುರುತಿಸಿ ಇಟ್ಟಿದ್ದ ಒಂದು ಗ್ರಂಥ ನಿಜಕ್ಕೂ ಬಂಗಾಳಿ ಭಾಷೆಯ 'ಕಸಸುಲ್ ಅಂಬಿಯಾ', ಅಂದರೆ ಪ್ರವಾದಿಗಳ ಕತೆಗಳ ಕಾವ್ಯ ಎಂದು ಇತಿಹಾಸಕಾರ್ತಿ ಸಾಮಿಯಾ ಖಾತೂನ್ ಗುರುತಿಸಿದರು. ನಮ್ಮ ಮನೆಗಳಲ್ಲಿ ಮಾಲೆ, ಬೈತ್ ಹಾಡುವ ಹಾಗೆ ಅದನ್ನೂ ಯಾರೋ ರಾಗವಾಗಿ ಓದಿರಬೇಕು. ಓದುವವರಿಲ್ಲದೆ ಆ ಪುಸ್ತಕದ ಹೆಸರೇ ಮರೆತುಹೋಗಿತ್ತು.

ನಮ್ಮಲ್ಲೂ ಮುಂಬೈಗೆ, ಗಲ್ಫ್‌ಗೆ ಹಡಗು ಹತ್ತಿ ಹೋದ ಹಿರಿಯರಿದ್ದಾರೆ. ಅವರ ಪತ್ರ, ಪಾಸ್‌ಪೋರ್ಟ್, ಫೋಟೊಗಳು ಮನೆಯ ಕಪಾಟಿನಲ್ಲಿದ್ದರೆ ತೆಗೆದು, ಹೆಸರು-ಇಸವಿ ಕೇಳಿ ಬರೆದಿಡಿ. ನಾವು ಮರಳಿ ಬಂದ ವಾರದಿಂದ ಉಮ್ಮ ಹೇಳುವುದನ್ನು ಮಕ್ಕಳು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ.