ಗಾನಸಭೆಯೂ ಮಾನವ ಹಕ್ಕುಗಳೂ

ಸಂಗೀತವು ಮನಸ್ಸಿಗೆ ಆನಂದವನ್ನೀಯುವುದೆಂಬುದು ಸರ್ವವಿದಿತ. ಆದರೆ ಎಲ್ಲಿಯೋ ಸೆರೆಯಲ್ಲಿ ನವೆಯುತ್ತಿರುವ ಅಪರಿಚಿತನಿಗೆ ಅದರಿಂದ ಉಪಕಾರವಾದೀತೆ? ಈ ಪ್ರಶ್ನೆಯನ್ನು ವಿಚಾರಿಸಲು 1988ರಲ್ಲಿ ನಡೆದ ಗಾನಯಾತ್ರೆಯೊಂದನ್ನು ಇಲ್ಲಿ ವಿವರಿಸಲಾಗಿದೆ.

ಎರಡನೆಯ ಮಹಾಯುದ್ಧದ ಘೋರಕೃತ್ಯಗಳಿಂದ ತಲ್ಲಣಿಸಿದ ಲೋಕವು ಇಂತಹವು ಮರುಕಳಿಸಬಾರದೆಂದು ಬಗೆಯಿತು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 30 ವಿಧಿಗಳುಂಟು. ಮೊದಲನೆಯ ವಿಧಿಯ ಕರಡಿನಲ್ಲಿ ಪುರುಷರನ್ನು ಮಾತ್ರ ಸೂಚಿಸುವಂತಿದ್ದ ಪದವನ್ನು ‘ಮಾನವರು’ ಎಂಬರ್ಥ ಬರುವಂತೆ ತಿದ್ದಿಸಿದ ಕೀರ್ತಿ ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅವರದು. ಘೋಷಣೆಯೇನೋ ಆಯಿತು, ಅದನ್ನು ಓದಿದವರು ಮಾತ್ರ ವಿರಳ. ತನಗೊಂದು ಹಕ್ಕುಂಟೆಂದು ಅರಿಯದವನು ಅದನ್ನು ಕೇಳುವುದಾದರೂ ಹೇಗೆ?

ಅಭಿಪ್ರಾಯಭೇದಕ್ಕಾಗಿ ಬಂಧಿತರಾದವರ ಬಿಡುಗಡೆಗೆ ಶ್ರಮಿಸಲು 1961ರಲ್ಲಿ ಹುಟ್ಟಿದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು, ಘೋಷಣೆಯ 40ನೆಯ ವರ್ಷದಲ್ಲಿ ಈ ಕೊರತೆಯನ್ನು ನೀಗಲು ಮುಂದಾಯಿತು. ವಿದ್ಯುತ್ ಗಿಟಾರು, ಡ್ರಮ್ಮುಗಳ ಮೇಳದೊಡನೆ ಹಾಡುವ ರಾಕ್ ಸಂಗೀತಕ್ಕೆ ತರುಣರು ಕಿಕ್ಕಿರಿದು ಸೇರುವರಷ್ಟೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್‌ಮನ್ ಹಾಗೂ ಸೆನೆಗಲ್ ದೇಶದ ಯೂಸು ಎನ್‌ಡೂರ್ ಅವರು ಸೆಪ್ಟೆಂಬರ್ 2ರಂದು ಲಂಡನ್ನಿನಲ್ಲಿ ಆರಂಭಿಸಿ, ಅಕ್ಟೋಬರ್ 15ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಮುಗಿಸಿದರು. ಸೆಪ್ಟೆಂಬರ್ 30ರಂದು ನವದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿಯೂ ಅವರ ಗಾನಸಭೆ ನಡೆಯಿತು.

ಈ ಯಾತ್ರೆಯ ಸಭೆಗಳಲ್ಲಿ ಘೋಷಣೆಯ ಮುದ್ರಿತ ಪ್ರತಿಗಳನ್ನು ಶ್ರೋತೃಗಳಿಗೆ ಹಂಚಿ, ಬೆಂಬಲ ಸೂಚಿಸಿ ಸಹಿ ಹಾಕುವಂತೆ ಕೋರಲಾಯಿತು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನು ವಿರೋಧಿಸಿ 1977ರಲ್ಲಿ ಪೊಲೀಸರ ವಶದಲ್ಲಿ ಮಡಿದ ಸ್ಟೀವ್ ಬಿಕೊನನ್ನು ಕುರಿತ ತಮ್ಮ ಗೀತೆಯನ್ನು ಗೇಬ್ರಿಯಲ್ ಹಾಡುತ್ತಿದ್ದರು. ಅವನನ್ನು ಎಂದೂ ಕಾಣದ ಸಹಸ್ರಾರು ಜನರ ನಾಲಗೆಯ ಮೇಲೆ ಅವನ ಹೆಸರು ನಿಂತಿತು. ಹಾಡಿನಿಂದ ಸೆರೆಮನೆಯ ಬೀಗ ಕಳಚದು, ನಿಜ. ಆದರೆ ಲೋಕವು ಮರೆತವನನ್ನು ಪೀಡಿಸುವುದು ಸುಲಭ. ಹೆಸರು ಹಿಡಿದು ವಿಚಾರಿಸುವವರಿದ್ದರೆ ಪೀಡಕನು ಹಿಂದುಮುಂದು ನೋಡುವನು.

ಪೋಷಕರೂ ಇಲ್ಲಿ ಗಮನಿಸತಕ್ಕದ್ದೊಂದುಂಟು. ಘೋಷಣೆಯ 2ನೆಯ ವಿಧಿಯು ಭಾಷೆಯ ಕಾರಣದಿಂದ ಭೇದವೆಣಿಸಲಾಗದೆನ್ನುತ್ತದೆ. 26ನೆಯದು ಮಕ್ಕಳಿಗೆ ಎಂತಹ ಶಿಕ್ಷಣ ಬೇಕೆಂದು ಆರಿಸುವ ಹಕ್ಕು ಮೊದಲಾಗಿ ತಂದೆತಾಯಿಗಳದೆನ್ನುತ್ತದೆ. ಗಡಿಯಾಚೆ ನೆಲೆಸಿ ಕನ್ನಡ ಶಾಲೆಯನ್ನು ಉಳಿಸಿಕೊಂಡು ಬಂದಿರುವ ನಮಗೆ ಇವು ದೂರದ ಮಾತುಗಳಲ್ಲ. ಘೋಷಣೆಯ ಕನ್ನಡ ಅನುವಾದ ಲಭ್ಯವಿದೆ. ವಿದ್ಯಾರ್ಥಿಗಳು ದಿನಕ್ಕೊಂದು ವಿಧಿಯಂತೆ ಮನೆಯಲ್ಲಿ ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ತಿಂಗಳೊಂದರಲ್ಲಿ ಮೂವತ್ತೂ ಮುಗಿಯುವುವು.