ಕೊಟ್ಟವರು ಯಾರು?

‘ದ ಮ್ಯಾನ್ ಗೇವ್ ಲ್ಯಾಂಡ್ ಈಸ್ ಮೈ ಗ್ರ್ಯಾಂಡ್‌ಫಾದರ್.’ ಶಾಲೆಗೆ ಜಾಗ ಕೊಟ್ಟ ಅಜ್ಜನ ಬಗ್ಗೆ ಹುಡುಗನೊಬ್ಬ ಅಭಿಮಾನದಿಂದ ಬರೆದ ಈ ವಾಕ್ಯದ ಮೇಲೆ ನಾನು ಕೆಂಪು ಶಾಯಿಯ ಗೆರೆ ಎಳೆದಿದ್ದೆ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಮೂರು ದಶಕ ಕಳೆದ ನಾನು ಅತಿ ಹೆಚ್ಚು ತಿದ್ದಿದ್ದು ಇಂಥ ವಾಕ್ಯಗಳನ್ನೇ. ಅದು ಮಕ್ಕಳ ದಡ್ಡತನವಲ್ಲ, ಕನ್ನಡದ ಜಾಯಮಾನ ಎಂಬುದು ನನಗೆ ಹೊಳೆದದ್ದು ತಡವಾಗಿ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಅಂಧ ಬಾಲಕನಾಗಿದ್ದ ಅವರಿಗೆ ಆಶ್ರಯವಿತ್ತು, ಸಂಗೀತ ಕಲಿಸಲು ವ್ಯವಸ್ಥೆ ಮಾಡಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಕರಿಹಲಗೆಯ ಮೇಲೆ ಮೂರು ಮಾತು ಬರೆದೆ: ಆಶ್ರಯ ಕೊಟ್ಟ ಸ್ವಾಮಿಗಳು, ಸ್ವಾಮಿಗಳು ಕೊಟ್ಟ ಆಶ್ರಯ, ಸ್ವಾಮಿಗಳು ಆಶ್ರಯ ಕೊಟ್ಟ ಬಾಲಕ. ಕೊಟ್ಟವರು, ಕೊಟ್ಟದ್ದು, ಪಡೆದವನು ಈ ಮೂವರಿಗೂ ಕನ್ನಡಕ್ಕೆ ‘ಕೊಟ್ಟ’ ಎಂಬ ಒಂದೇ ಕೃದಂತ ಸಾಕು. ಅದು ನಾಮಪದದ ಹಿಂದೆ ಬಂದು ನಿಂತರೆ ಮುಗಿಯಿತು. ಯಾರ ಪಾತ್ರ ಯಾವುದೆಂಬುದನ್ನು ಕೇಳುವವನೇ ತಿಳಿದುಕೊಳ್ಳುತ್ತಾನೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಅದು ನಾಮಪದವನ್ನು ಮೊದಲು ಇಟ್ಟು, ಕೊಟ್ಟವರಿಗೆ ‘ಹೂ’, ಕೊಟ್ಟದ್ದಕ್ಕೆ ‘ವಿಚ್’, ಪಡೆದವನಿಗೆ ‘ಟು ಹೂಮ್’ ಎಂದು ಬೇರೆ ಬೇರೆ ಕೊಂಡಿ ಕೇಳುತ್ತದೆ. ನನ್ನ ಆ ಹುಡುಗ ಬಿಟ್ಟದ್ದು ಈ ಕೊಂಡಿಯನ್ನು. ಅವನ ಮಾತೃಭಾಷೆಯಲ್ಲಿ ಅದರ ಅಗತ್ಯವೇ ಇರಲಿಲ್ಲ.

ಹಾಗೆಂದು ಈ ವಿಂಗಡಣೆ ನಮಗೆ ಪರಕೀಯವೇನಲ್ಲ. ಈ ಸೀಮೆಯ ದಾನಶಾಸನಗಳನ್ನು ನೋಡಿ. ಕೊಟ್ಟವರಾರು, ಯಾರಿಗೆ, ಯಾವ ಭೂಮಿ, ಅದರ ಎಲ್ಲೆ ಯಾವುದು ಎಂಬುದನ್ನು ಒಂದೊಂದಾಗಿ ಕಂಡರಿಸಿ, ಕೊನೆಗೆ ಅದನ್ನು ಕಾಯ್ದವನಿಗೆ ಪುಣ್ಯ, ಅಳಿದವನಿಗೆ ಪಾಪ ಎನ್ನುತ್ತವೆ. ಇಂಗ್ಲಿಷ್ ಕೇಳುವ ಪ್ರಶ್ನೆಗಳನ್ನು ನಮ್ಮ ಹಿರಿಯರು ಕಲ್ಲಿನ ಮೇಲೆ ಎಂದೋ ಉತ್ತರಿಸಿದ್ದರು.

ಅಂದಿನಿಂದ ವ್ಯಾಕರಣದ ಸೂತ್ರಕ್ಕೆ ಮೊದಲು ದಾನದ ಮಾತು ಎತ್ತತೊಡಗಿದೆ. ಶಿಗ್ಗಾಂವಿಯ ಮಕ್ಕಳು ಬಾಡದ ಕನಕದಾಸರಿಗೆ ಸಿಕ್ಕಿತೆನ್ನುವ ನಿಧಿಯ ಐತಿಹ್ಯ ತಂದರು. ಹಿರೇಕೆರೂರಿನವರು ಅಬಲೂರಿನ ನೆನಪಿನೊಡನೆ ಸರ್ವಜ್ಞನನ್ನು ಕರೆತಂದರು. ಸವಣೂರಿನಲ್ಲಂತೂ ನನಗೆ ದೊಡ್ಡ ಬೆಂಬಲವಿತ್ತು. 1909ರಲ್ಲಿ ಅಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. 1980ರಲ್ಲಿ ನೇಮಕವಾಗಿ, ಶಾಲೆಯಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದ ಭಾಷಾ ಸಮಿತಿಯ ಅಧ್ಯಕ್ಷರೂ ಅವರೇ. ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ಹೊಸ್ತಿಲ ಹೊರಗೆ ಬಿಟ್ಟು ಬರಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಒಮ್ಮೆ ‘ಹೂಸ್’ ಪದದ ಪಾಠ. ಶಾಲೆಯ ಹೊಸ ಕೋಣೆಯ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲಿತ್ತು. ಅದನ್ನು ನೋಡಿ ಒಂದು ವಾಕ್ಯ ರಚಿಸಿರಿ ಎಂದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು ಓದಿದಳು: ‘ದ ವುಮನ್ ಹೂಸ್ ನೇಮ್ ಈಸ್ ನಾಟ್ ಆನ್ ದ ವಾಲ್ ಈಸ್ ಮೈ ಮದರ್.’ ಆಕೆಯ ತಾಯಿ ಆ ಕೋಣೆಗಾಗಿ ಕೂಲಿ ಪಡೆಯದೆ ಎಂಟು ದಿನ ಕಲ್ಲು, ನೀರು ಹೊತ್ತಿದ್ದಳಂತೆ. ವ್ಯಾಕರಣದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ತಿದ್ದಬೇಕಾದದ್ದು ಗೋಡೆಯ ಕಲ್ಲನ್ನು.

ನಮ್ಮ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಬೇಕು, ನಿಜ. ಆದರೆ ಅವರ ತಪ್ಪಿನ ಹಿಂದೆ ಒಂದು ಭಾಷೆಯಿದೆ, ಹೇಳಲೇಬೇಕಾದ ಒಂದು ಮಾತಿದೆ ಎಂಬುದನ್ನು ಕೆಂಪು ಶಾಯಿ ಹಿಡಿದವರು ಮೊದಲು ಅರಿಯಬೇಕು. ಅಜ್ಜನ ಬಗ್ಗೆ ಬರೆದ ಆ ಹುಡುಗನಿಗೆ ನಾನು ಇದನ್ನು ಹೇಳಲಾಗಲಿಲ್ಲ.